ಕೂಸಿನ ಮೈ, ತಾಯಿಯ ಕೈ

ಹೊನ್ನಾಳಿಯ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಬರಿಯ ಸ್ನಾನದ ಕೋಣೆಯಲ್ಲ. ಮನೆಗೆ ಹೊಸ ಕೂಸು ಬಂದಾಗ ಅದೊಂದು ಪಾಠಶಾಲೆಯೂ ಆಗುತ್ತಿತ್ತು. ತಾಮ್ರದ ಹಂಡೆಯಲ್ಲಿ ನೀರು ಕಾಯುತ್ತಿರುವಾಗ ಹಿರಿಯಳೊಬ್ಬಳು ಮಣೆಯ ಮೇಲೆ ಕಾಲು ಚಾಚಿ ಕುಳಿತು, ಆ ಎರಡು ಕಾಲುಗಳ ನಡುವಣ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಂಡು, ಬಟ್ಟಲ ಎಣ್ಣೆಯಲ್ಲಿ ಬೆರಳದ್ದಿ, ಮೊದಲು ತನ್ನ ಅಂಗೈಗಳನ್ನೇ ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಆ ಕೈ ಕೂಸನ್ನು ಮುಟ್ಟುತ್ತಿದ್ದುದು ಅನಂತರವೇ. ಬಾಗಿಲ ಬಳಿ ನಿಂತ ಚೊಚ್ಚಲ ಬಾಣಂತಿ ಅದನ್ನು ನೋಡುತ್ತ ಕಲಿಯುತ್ತಿದ್ದಳು. ಪುಸ್ತಕವಿಲ್ಲದ, ಉಪನ್ಯಾಸವಿಲ್ಲದ ಆ ಪಾಠದ ಮೊದಲ ಅಕ್ಷರವೇ ಅದು: ಕೂಸನ್ನು ಮುಟ್ಟುವ ಮುನ್ನ ಕೈ ಬೆಚ್ಚಗಿರಬೇಕು.

ಇಂದು ಹೆರಿಗೆ ಆಸ್ಪತ್ರೆಗೆ ಹೋಗಿದೆ. ಹೋದದ್ದು ಒಳ್ಳೆಯದೇ ಆಯಿತು. ಎಷ್ಟೋ ತಾಯಂದಿರ, ಕೂಸುಗಳ ಜೀವ ಅದರಿಂದ ಉಳಿದಿದೆ. ಆದರೆ ಸೂಲಗಿತ್ತಿಯೊಡನೆ ಅವಳ ಕೈಯಲ್ಲಿದ್ದ ತಿಳಿವಳಿಕೆಯೂ ಮನೆಯಿಂದ ಹೊರಟುಹೋಗುತ್ತಿದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಸಂದಾಗ ನಾಡು ಹೆಮ್ಮೆಪಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರ ಸಾಲು ತೆಳುವಾಗುತ್ತಿರುವ ಈ ಹೊತ್ತಿನಲ್ಲಿ, ಪಟ್ಟಣದ ಬಾಡಿಗೆ ಮನೆಯೊಂದರಲ್ಲಿ ಎಳೆಯ ತಾಯಿ ಎಣ್ಣೆಯ ಸೀಸೆ ಹಿಡಿದು ತಬ್ಬಿಬ್ಬಾಗಿ ನಿಲ್ಲುತ್ತಾಳೆ. ತಿಕ್ಕದಿದ್ದರೆ ಮೂಳೆ ಗಟ್ಟಿಯಾಗದು ಎಂದು ಒಬ್ಬರ ಎಚ್ಚರಿಕೆ. ಇದೆಲ್ಲ ಹಳೆಯ ಕಾಲದ ಮೌಢ್ಯ ಎಂದು ಇನ್ನೊಬ್ಬರ ತಿರಸ್ಕಾರ. ಈ ಎರಡು ಮಾತುಗಳೂ ಪೂರ್ತಿ ನಿಜವಲ್ಲ.

ಚನ್ನಗಿರಿಯಲ್ಲಿ ನನಗೆ ಪರಿಚಿತವಾದ ಒಂದು ಮನೆಯ ಸಂಗತಿ ಇದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಕೆಲವು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಿತ್ತು. ತಾಯಿ ಹಾಲೂಡುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು. ಆದರೆ ಎತ್ತಿ ಮುದ್ದಾಡಲು ಮಾತ್ರ ಅವಳ ಕೈ ಹಿಂಜರಿಯುತ್ತಿತ್ತು. ನಾನು ಮುಟ್ಟಿದರೆ ಏನಾದರೂ ಆದೀತು ಎಂಬ ಭಯ. ಕೂಸಿನ ತೂಕ ನೋಡಿ, ಇನ್ನು ಎಣ್ಣೆ ಹಚ್ಚಬಹುದೆಂದು ವೈದ್ಯರು ಹೇಳಿದ ದಿನ, ಅನುಭವಸ್ಥಳಾದ ಅತ್ತೆ ಬಟ್ಟಲನ್ನು ತಾನು ತೆಗೆದುಕೊಳ್ಳದೆ ಸೊಸೆಯ ಕೈಗಿತ್ತಳು. "ಕಾಲಿನಿಂದ ಶುರು ಮಾಡು. ಅದು ನಿನ್ನ ಮುಖ ನೋಡುತ್ತಿರಲಿ" ಎಂದಳಂತೆ. ಆ ಮಾತಿನಲ್ಲಿ ಎಷ್ಟು ಅರ್ಥವಿದೆಯೆಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ಕೂಸಿಗೆ ಎಣ್ಣೆ ಹಚ್ಚುವುದು ನಮ್ಮಲ್ಲಿ ನಿನ್ನೆ ಮೊನ್ನೆಯ ರೂಢಿಯಲ್ಲ. ವಾಗ್ಭಟನ ಅಷ್ಟಾಂಗಹೃದಯ ದಿನಚರಿಯ ಭಾಗವಾಗಿ ಅಭ್ಯಂಗವನ್ನು ವಿಧಿಸುತ್ತದೆ. ನವಜಾತ ಶಿಶುವಿನ ಉಪಚಾರದಲ್ಲಿ ಬಲಾತೈಲವನ್ನು ಹೆಸರಿಸುತ್ತದೆ. ಆದರೆ ಹಳೆಯದೆಂಬುದು ಒಂದು ಆಚಾರಕ್ಕೆ ಗೌರವ ತರಬಹುದೇ ಹೊರತು ಪ್ರಮಾಣವನ್ನು ಒದಗಿಸಲಾರದು. ಅದಕ್ಕಾಗಿ ನಾವು ಬೇರೆ ಕಡೆಗೂ ನೋಡಬೇಕಾಗುತ್ತದೆ.

ಫ್ರಾನ್ಸಿನ ಪ್ರಸೂತಿ ತಜ್ಞ ಫ್ರೆಡರಿಕ್ ಲೆಬೊಯೆ ಕಲ್ಕತ್ತೆಯ ಬಡ ಬಡಾವಣೆಯೊಂದರಲ್ಲಿ ಬೀದಿಯ ಬದಿಗೆ ಕುಳಿತು ತನ್ನ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ತಾಯಿಯೊಬ್ಬಳನ್ನು ಕಂಡು ಬೆರಗಾದ. ಸುತ್ತಲಿನ ಕೊಳಕು, ಬಡತನಗಳ ನಡುವೆ ಆ ಇಬ್ಬರ ಸುತ್ತ ಮಾತ್ರ ಬೇರೊಂದು ಲೋಕವಿದ್ದಂತೆ ಅವನಿಗೆ ತೋರಿತು. ಅವಳ ಕೈಚಲನೆಗಳನ್ನು ಚಿತ್ರಗಳಲ್ಲಿ ಹಿಡಿದು ೧೯೭೬ರಲ್ಲಿ ಪುಸ್ತಕವನ್ನು ಪ್ರಕಟಿಸಿದ. ಅದಕ್ಕೆ ಆ ತಾಯಿಯ ಹೆಸರನ್ನೇ ಇಟ್ಟ. ಆ ಹೆಸರು ಶಾಂತಲಾ. ಬೇಲೂರನ್ನು ಕಂಡ ಕನ್ನಡಿಗರಿಗೆ ಈ ಹೆಸರು ಕೇಳಿದೊಡನೆ ಹೊಯ್ಸಳರ ರಾಣಿಯ ನೆನಪಾಗುವುದು ಸಹಜ. ಆದರೆ ಫ್ರಾನ್ಸ್, ಬ್ರೆಜಿಲ್ ದೇಶಗಳಲ್ಲಿ ಎಷ್ಟೋ ತಾಯಂದಿರಿಗೆ ಶಾಂತಲಾ ಎಂದರೆ ಕೂಸಿಗೆ ಎಣ್ಣೆ ಹಚ್ಚುವ ವಿದ್ಯೆಯೆಂದೇ ಅರ್ಥ.

ಆ ಬೆರಗು ಪ್ರಯೋಗಶಾಲೆಗೂ ದಾಟಿತು. ಅಮೆರಿಕದ ವಿಜ್ಞಾನಿ ಸಾಲ್ ಶಾನ್‌ಬರ್ಗ್ ಮತ್ತು ಅವರ ಸಂಗಡಿಗರು, ತಾಯಿಯಿಂದ ಅಗಲಿಸಿದ ಇಲಿಮರಿಗಳಲ್ಲಿ ಬೆಳವಣಿಗೆಯ ಹಾರ್ಮೋನು ಕುಗ್ಗುವುದನ್ನು ಗಮನಿಸಿದರು. ತಾಯಿ ನೆಕ್ಕುವಂತೆಯೇ ಒದ್ದೆ ಕುಂಚದಿಂದ ಮರಿಗಳ ಮೈಯನ್ನು ಸವರಿದಾಗ ಅದು ಮತ್ತೆ ಚೇತರಿಸಿತು. ಮಿಯಾಮಿಯ ಮನೋವಿಜ್ಞಾನಿ ಟಿಫನಿ ಫೀಲ್ಡ್ ಅವರೊಡನೆ ಸೇರಿ, ದಿನ ತುಂಬದೆ ಹುಟ್ಟಿದ ಶಿಶುಗಳ ಮೈಯನ್ನು ದಿನಕ್ಕೆ ಮೂರು ಬಾರಿ, ಹದಿನೈದು ನಿಮಿಷಗಳಂತೆ, ಹತ್ತು ದಿನ ನೀವಿಸಿ ನೋಡಿದರು. ೧೯೮೬ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೀವಿಸಿಕೊಂಡ ಶಿಶುಗಳ ದಿನದ ತೂಕಗಳಿಕೆ ಉಳಿದವುಗಳಿಗಿಂತ ಶೇಕಡಾ ೪೭ರಷ್ಟು ಹೆಚ್ಚು, ಅವು ಆರು ದಿನ ಮೊದಲೇ ಮನೆಗೆ ಹೋದವು. ಹಾಗೆಂದು ಅವು ಹೆಚ್ಚು ಹಾಲು ಕುಡಿದಿರಲಿಲ್ಲ. ಹದವಾದ ಒತ್ತಡದ ಸ್ಪರ್ಶ ಜಠರ, ಕರುಳುಗಳ ಕೆಲಸವನ್ನು ನಿಯಂತ್ರಿಸುವ ವೇಗಸ್ ನರವನ್ನು ಚುರುಕುಗೊಳಿಸುತ್ತದೆಂಬುದು ಇದಕ್ಕೆ ಅವರು ಕಂಡುಕೊಂಡ ಒಂದು ವಿವರಣೆ.

ದಿನ ತುಂಬಿ ಹುಟ್ಟಿದ ಕೂಸುಗಳ ಮಾತೇನು? ೨೦೦೦ದಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ ಆರು ವಾರದ ೧೨೫ ಶಿಶುಗಳನ್ನು ಗುಂಪುಗಳಾಗಿ ವಿಂಗಡಿಸಿ ನಾಲ್ಕು ವಾರ ಬೇರೆ ಬೇರೆ ಎಣ್ಣೆಗಳನ್ನು ಹಚ್ಚಿದರು. ನೀವಿಸಿಕೊಂಡ ಮೇಲೆ ಶಿಶುಗಳ ನಿದ್ದೆ ಸುಧಾರಿಸಿತು. ಬೆಳವಣಿಗೆಯಲ್ಲಿ ಎಳ್ಳೆಣ್ಣೆ ಹಚ್ಚಿದ ಗುಂಪು ಮುಂದಿತ್ತು. ಆದರೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ೨೦೧೩ರಲ್ಲಿ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆ, ಅವುಗಳಲ್ಲಿ ಹಲವು ಗಟ್ಟಿಯಾಗಿಲ್ಲವೆಂದು ನೇರವಾಗಿಯೇ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಹೊರಡಿಸಿದ ಬಾಣಂತನದ ಮಾರ್ಗಸೂಚಿಯ ಮಾತು ಆದ್ದರಿಂದಲೇ ಹದವಾಗಿದೆ: ದಿನ ತುಂಬಿದ ಆರೋಗ್ಯವಂತ ಶಿಶುವಿಗೆ ಮೈಯೆಲ್ಲ ಮೃದುವಾಗಿ ನೀವುವುದನ್ನು, ಬೆಳವಣಿಗೆಗೆ ಒದಗಬಹುದಾದ ಪ್ರಯೋಜನಕ್ಕಾಗಿ, ಪರಿಗಣಿಸಬಹುದು. ಇದರಲ್ಲಿ ಪವಾಡದ ಭರವಸೆಯಿಲ್ಲ; ನಿಷೇಧವೂ ಇಲ್ಲ. 'ಮೃದುವಾಗಿ' ಎಂಬ ಒಂದು ಮಾತನ್ನು ಮಾತ್ರ ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಏಕೆಂದರೆ ಚರ್ಮಕ್ಕೆ ತನ್ನದೇ ಆದ ಭಾಷೆಯಿದೆ. ರೋಮವಿರುವ ಚರ್ಮದಲ್ಲಿ ಮೆಲುಸ್ಪರ್ಶಕ್ಕೆಂದೇ ಮೀಸಲಾದ ಸೂಕ್ಷ್ಮ ನರತಂತುಗಳಿವೆ. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರಿನಷ್ಟು ನಿಧಾನವಾಗಿ, ಮೈಯ ಬಿಸಿಗೆ ಸಮನಾದ ಬಿಸುಪಿನಲ್ಲಿ ಸವರಿದಾಗ ಅವು ಚೆನ್ನಾಗಿ ಮಿಡಿಯುತ್ತವೆ. ಆ ವೇಗ ಮೀರಿದರೆ ಅವುಗಳ ಉತ್ತರ ಕುಗ್ಗುತ್ತದೆ. ಬಚ್ಚಲಲ್ಲಿ ಕುಳಿತ ಹಿರಿಯಳು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡದ್ದೂ, ತೊಡೆಯಿಂದ ಪಾದದವರೆಗೆ ಅವಸರವಿಲ್ಲದೆ ಕೈ ಜಾರಿಸಿದ್ದೂ ಈ ಲೆಕ್ಕ ತಿಳಿದಲ್ಲ. ಆದರೂ ಅವಳ ಲೆಕ್ಕ ತಪ್ಪಿರಲಿಲ್ಲ.

ಇನ್ನು ಎಣ್ಣೆ ಯಾವುದು? ನೆಲ ಕೊಟ್ಟದ್ದು ಬಟ್ಟಲಿಗೆ ಬರುವುದು ನಮ್ಮ ರೂಢಿ. ಅಡಕೆ ತೆಂಗುಗಳ ಚನ್ನಗಿರಿಯ ಕಡೆ ಕೊಬ್ಬರಿ ಎಣ್ಣೆ ಕೈಗೆ ಸುಲಭ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲೂ, ಅದರಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ನ್ಯಾಮತಿಯಲ್ಲೂ ಮೈಗೆ ಕೊಬ್ಬರಿ ಎಣ್ಣೆ, ನೆತ್ತಿಗೆ ಹರಳೆಣ್ಣೆ ಎನ್ನುವ ಹಿರಿಯರು ಸಿಗುತ್ತಾರೆ. ಜಗಳೂರಿನದು ಬೇರೆಯೇ ಬಗೆಯ ಸೀಮೆ. ಮಳೆ ಕಡಿಮೆ, ಚಳಿಗಾಲದ ಗಾಳಿ ಒಣಗಾಳಿ. ಅಲ್ಲಿ ಕೂಸಿನ ಚರ್ಮ ಬೇಗ ಬಿರುಸಾಗುವುದರಿಂದ ಎಣ್ಣೆಯ ಅಗತ್ಯ ಇನ್ನಷ್ಟು ಕಾಣುತ್ತದೆ. ಆದರೆ ಹೊಲದಲ್ಲಿ ಬೆಳೆದದ್ದೆಂದು ಶೇಂಗಾ ಎಣ್ಣೆಯನ್ನು ಹಚ್ಚುವ ಮುನ್ನ ಯೋಚಿಸಬೇಕು. ಕೆಂಪಾಗಿ ಉರಿಗೊಂಡ ಚರ್ಮಕ್ಕೆ ಶೇಂಗಾ ಎಣ್ಣೆ ಬೆರೆತ ಲೇಪ ಹಚ್ಚಿಸಿಕೊಂಡ ಮಕ್ಕಳಲ್ಲಿ ಮುಂದೆ ಶೇಂಗಾ ಅಲರ್ಜಿ ಹೆಚ್ಚಾಗಿ ಕಂಡದ್ದನ್ನು ಬ್ರಿಟನ್ನಿನ ಸಂಶೋಧಕರು ೨೦೦೩ರಲ್ಲಿ ವರದಿ ಮಾಡಿದ್ದಾರೆ. ಸಾಸಿವೆ ಎಣ್ಣೆಯೂ ಎಳೆಯ ಚರ್ಮಕ್ಕೆ ಖಾರ. ಕೊಬ್ಬರಿ ಎಣ್ಣೆಯ ಪರವಾಗಿ ಒಂದು ಸಾಕ್ಷ್ಯವಿದೆ: ೨೦೦೫ರಲ್ಲಿ ಪ್ರಕಟವಾದ ಮುಂಬಯಿಯ ಅಧ್ಯಯನವೊಂದರಲ್ಲಿ ಅದನ್ನು ಹಚ್ಚಿದ ಅಕಾಲಿಕ ಶಿಶುಗಳ ತೂಕ, ಖನಿಜ ತೈಲ ಹಚ್ಚಿದವುಗಳಿಗಿಂತ ಚೆನ್ನಾಗಿ ಏರಿತು. ದುಬಾರಿ ಸೀಸೆಯ ಆಲಿವ್ ಎಣ್ಣೆಯೇ ಶ್ರೇಷ್ಠವೆಂಬ ನಂಬಿಕೆಗೆ ಆಧಾರವಿಲ್ಲ. ಅದನ್ನು ದಿನವೂ ಹಚ್ಚಿದ ನವಜಾತರ ಚರ್ಮದ ಹೊರಪದರದ ರಚನೆ ಹದವಾಗಿ ಬಲಿಯಲಿಲ್ಲವೆಂದು ಮ್ಯಾಂಚೆಸ್ಟರಿನ ಸಂಶೋಧಕರು ೨೦೧೬ರಲ್ಲಿ ತೋರಿಸಿದರು. ಯಾವ ಎಣ್ಣೆಯಾದರೂ ತುಸು ಸಾಕು. ಚರ್ಮ ಕೆಂಪೇರಿದರೆ ನಿಲ್ಲಿಸಬೇಕು.

ಹಿರಿಯರ ಪಾಠವನ್ನು ಗೌರವಿಸುವುದೆಂದರೆ ಅದರಲ್ಲಿನ ಜೊಳ್ಳನ್ನೂ ತೂರಿ ಹಾಕುವುದು. ಮೂಗು, ಕಿವಿಗಳಿಗೆ ಎಣ್ಣೆ ಬಿಡುವ ಅಭ್ಯಾಸ ಅಪಾಯಕಾರಿ. ಶ್ವಾಸಕೋಶಕ್ಕೆ ಇಳಿದ ಎಣ್ಣೆ ಕಠಿಣವಾದ ನ್ಯುಮೋನಿಯಾವನ್ನು ತರಬಲ್ಲದು. ನೆತ್ತಿಯ ಮೆತ್ತನೆಯ ಭಾಗವನ್ನು ಒತ್ತಬಾರದು. ಮೂಗು ನೀಳವಾಗಲೆಂದು ಎಳೆಯುವುದು, ತಲೆ ದುಂಡಗಾಗಲೆಂದು ಅದುಮುವುದು, ಕೀಲು ಸಡಿಲವಾಗಲೆಂದು ಕೈಕಾಲು ತಿರುಚುವುದು, ತಲೆಕೆಳಗಾಗಿ ಹಿಡಿಯುವುದು ಇವೆಲ್ಲ ಕೂಸಿಗೆ ನೋವು. ನವಜಾತರ ಎದೆ ಕೆಲವೊಮ್ಮೆ ಉಬ್ಬಿ ಹಾಲಿನಂಥ ದ್ರವ ಕಾಣಿಸುತ್ತದೆ. ಅದು ತಾಯಿಯ ಹಾರ್ಮೋನಿನ ಪ್ರಭಾವ, ತಾನಾಗಿ ಇಳಿಯುವಂಥದು. ಹಿಂಡಿದರೆ ಕೀವಾಗುತ್ತದೆ. ಕಡಲೆಹಿಟ್ಟಿನಿಂದ ಮೈಗೂದಲನ್ನು ತಿಕ್ಕಿ ತೆಗೆಯುವುದರಿಂದ ಚರ್ಮ ತರಚುತ್ತದೆ. ಸ್ನಾನದ ಮೇಲೆ ಹಾಕುವ ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕ್ಕೆ ಭಾರ. ಮೂಳೆಯ ಗಟ್ಟಿತನ ಬರುವುದು ತಿಕ್ಕುವ ಬಲದಿಂದಲ್ಲ. ತಾಯಿಯ ಹಾಲು, ವೈದ್ಯರು ಹೇಳಿದ ಡಿ ಜೀವಸತ್ವಗಳಿಂದ.

ಹಾಗಾದರೆ ಮನೆಯಲ್ಲಿ ಹೇಗೆ? ಹಾಲೂಡಿ ಮುಕ್ಕಾಲು ಗಂಟೆಯಾದರೂ ಕಳೆದಿರಲಿ. ಕೂಸು ಎಚ್ಚರವಾಗಿ, ಹಸಿವಿಲ್ಲದೆ, ಸಮಾಧಾನದಿಂದಿರಲಿ. ಗಾಳಿ ನುಗ್ಗದ ಬೆಚ್ಚನೆಯ ಕೋಣೆಯಲ್ಲಿ ನೆಲದ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಉಂಗುರ ಬಳೆ ತೆಗೆದಿಟ್ಟು, ಉಗುರು ಕತ್ತರಿಸಿ, ಕೈ ತೊಳೆದು ಕುಳಿತುಕೊಳ್ಳಿ. ಕಾಲಿನಿಂದ ಆರಂಭಿಸುವುದು ಮೇಲು. ಅಲ್ಲಿ ಕೂಸಿಗೆ ಅಂಜಿಕೆ ಕಡಿಮೆ. ತೊಡೆಯಿಂದ ಪಾದಕ್ಕೆ, ಹೆಗಲಿನಿಂದ ಅಂಗೈಗೆ, ಎದೆಯ ನಡುವಿನಿಂದ ಪಕ್ಕಗಳಿಗೆ, ಕೊನೆಗೆ ಬೋರಲು ಮಲಗಿಸಿ ಬೆನ್ನಿಗೆ. ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಗುರವಾಗಿ ಸವರಿ. ಕರುಳಿನ ದಾರಿಯೂ ಅದೇ. ಹೊಕ್ಕುಳ ಬಳ್ಳಿ ಬಿದ್ದು ಮಾಯುವವರೆಗೆ ಆ ಭಾಗಕ್ಕೆ ಕೈ ಬೇಡ. ಹತ್ತು ಹದಿನೈದು ನಿಮಿಷ ಸಾಕು. ಜ್ವರವಿರುವಾಗ ಬೇಡ, ಲಸಿಕೆ ಚುಚ್ಚಿದ ಜಾಗವನ್ನು ಮುಟ್ಟಬೇಡಿ. ತೂಕ ಕಡಿಮೆಯ ಕೂಸಾದರೆ ಮೊದಲು ತಾಯಿಯ ಎದೆಗೆ ಬರಿಮೈಯಲ್ಲಿ ಒರಗಿಸಿಕೊಳ್ಳುವ ಕಾಂಗರೂ ಆರೈಕೆ. ಎಣ್ಣೆಯ ಮಾತು ವೈದ್ಯರನ್ನು ಕೇಳಿದ ಮೇಲೆ. ಹುಟ್ಟಿದ ಮೊದಲ ೨೪ ಗಂಟೆ ಸ್ನಾನವೂ ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನಂತರದ ದಿನಗಳಲ್ಲಿಯೂ ಎರೆಯುವ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ. ಎಣ್ಣೆಯ ಮೈ ಜಾರುತ್ತದೆಂಬುದನ್ನು ಮರೆಯದಿರಿ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ: ಕೂಸು ಬೇಡವೆಂದರೆ ನಿಲ್ಲಿಸುವುದು. ಮುಖ ತಿರುಗಿಸುವುದು, ಬೆನ್ನು ಸೆಟೆಸುವುದು, ಅಳುವುದು ಅದರ ಮಾತುಗಳು. ಅತ್ತರೂ ಬಿಡದೆ ತಿಕ್ಕಿದರೆ ಕೂಸು ಗಟ್ಟಿಯಾಗುತ್ತದೆಂಬ ಮಾತು ಸಲ್ಲದು. ತನ್ನ ಮಾತನ್ನು ಯಾರೂ ಕೇಳುವುದಿಲ್ಲವೆಂದಷ್ಟೇ ಅದು ಕಲಿತೀತು. ಕೇಳಿಸಿಕೊಳ್ಳುವ ಕೈ ಮಾತ್ರ ಕಲಿಸಬಲ್ಲದು, ಕಲಿಯಲೂಬಲ್ಲದು. ಬಾಣಂತನದ ಖಿನ್ನತೆಯಲ್ಲಿದ್ದ ತಾಯಂದಿರು ಗುಂಪಿನಲ್ಲಿ ಕೂಡಿ ಶಿಶುವನ್ನು ನೀವುವುದನ್ನು ಕಲಿತಾಗ, ಅವರಿಗೂ ಕೂಸಿಗೂ ನಡುವಣ ಒಡನಾಟ ಸುಧಾರಿಸಿದ್ದನ್ನು ಲಂಡನ್ನಿನ ಸಂಶೋಧಕರು ೨೦೦೧ರಲ್ಲಿ ಗುರುತಿಸಿದ್ದಾರೆ. ಈ ಕೆಲಸ ತಾಯಿಗಷ್ಟೇ ಮೀಸಲೂ ಅಲ್ಲ. ಸಂಜೆ ಮನೆಗೆ ಬಂದ ತಂದೆ ಕೈ ತೊಳೆದು ಕುಳಿತರೆ ಕೂಸಿಗೆ ಇನ್ನೊಂದು ಕೈಯ ಪರಿಚಯವಾಗುತ್ತದೆ. ತಾಯಿಗೆ ಅರ್ಧ ಗಂಟೆಯ ನಿದ್ದೆ ದೊರೆಯುತ್ತದೆ.

ಚನ್ನಗಿರಿಯ ಆ ಮನೆಗೆ ಕೆಲವು ತಿಂಗಳ ಮೇಲೆ ಹೋಗಿದ್ದೆ. ಕೂಸು ಮೈ ತುಂಬಿಕೊಂಡಿತ್ತು. ಎಣ್ಣೆಯಿಂದಲೋ, ಹಾಲಿನಿಂದಲೋ, ಕಾಲದಿಂದಲೋ ಹೇಳುವಂತಿರಲಿಲ್ಲ. ಆದರೆ ಸೊಸೆಯ ಕೈಯಲ್ಲಿ ಅಂಜಿಕೆ ಉಳಿದಿರಲಿಲ್ಲ. ಕಾಲಿನಿಂದ ಆರಂಭಿಸಿದ ಆ ಕೈ ಎದೆಯವರೆಗೆ ಬರುವಷ್ಟರಲ್ಲಿ ಕೂಸು ಅವಳ ಮುಖವನ್ನೇ ನೋಡುತ್ತ ಬೊಚ್ಚುಬಾಯಿ ಅಗಲಿಸಿತು. ಅತ್ತೆ ಬಾಗಿಲ ಬಳಿ ನಿಂತಿದ್ದಳು, ಈ ಸಲ ನೋಡುವ ಸರದಿ ಅವಳದು.