ಬಾರ್ಸಿಲೋನಾದಲ್ಲಿ ಸ್ಕೇಟ್‌ಬೋರ್ಡಿಂಗ್

ಬಾರ್ಸಿಲೋನಾ ಸ್ಪೇನ್ ದೇಶದ ಕಟಲೋನಿಯಾ ಪ್ರಾಂತದ ರಾಜಧಾನಿ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಈ ನಗರವು ಬೀದಿ ಸ್ಕೇಟ್‌ಬೋರ್ಡಿಂಗ್‌ಗೆ ಜಗತ್ತಿನಾದ್ಯಂತ ಹೆಸರಾಗಿದೆ. ನಾಲ್ಕು ಚಕ್ರಗಳ ಮರದ ಹಲಗೆಯ ಮೇಲೆ ನಿಂತು ಸಾಗುವ, ಜಿಗಿಯುವ ಮತ್ತು ಅಂಚುಗಳ ಮೇಲೆ ಜಾರುವ ಈ ಆಟವನ್ನು ಕಟಲಾನ್ ಭಾಷೆಯಲ್ಲಿ ಮೊನೊಪತಿ ಎಂದು ಕರೆಯುತ್ತಾರೆ. ಇಲ್ಲಿನ ಪ್ರಸಿದ್ಧ ತಾಣಗಳಲ್ಲಿ ಹೆಚ್ಚಿನವು ಈ ಆಟಕ್ಕಾಗಿ ನಿರ್ಮಾಣವಾದವಲ್ಲ. ಅವು ಸಾರ್ವಜನಿಕ ಚೌಕಗಳು. ಆದ್ದರಿಂದ ಅವುಗಳನ್ನು ಯಾರು ಹೇಗೆ ಬಳಸಬಹುದು ಎಂಬ ವಿವಾದವೂ ಆಟದ ಜೊತೆಗೇ ಬೆಳೆದುಬಂದಿದೆ.

ಹಿನ್ನೆಲೆ

1975ರಲ್ಲಿ ಫ್ರಾಂಕೊನ ಮರಣವಾಗಿ, 1979ರಲ್ಲಿ ಪ್ರಜಾಸತ್ತಾತ್ಮಕ ನಗರಸಭೆ ಚುನಾವಣೆಗಳು ನಡೆದ ಬಳಿಕ ಬಾರ್ಸಿಲೋನಾದಲ್ಲಿ ಸಾರ್ವಜನಿಕ ಸ್ಥಳಗಳ ನಿರ್ಮಾಣಕ್ಕೆ ವಿಶೇಷ ಒತ್ತು ದೊರೆಯಿತು. ವಾಸ್ತುಶಿಲ್ಪಿ ಒರಿಯೋಲ್ ಬೊಹಿಗಾಸ್ ಅವರ ಮಾರ್ಗದರ್ಶನದಲ್ಲಿ ಹಲವು ಹೊಸ ಚೌಕಗಳು ರೂಪುಗೊಂಡವು. ಮರ ಮತ್ತು ಹುಲ್ಲಿಗಿಂತ ಕಲ್ಲು ಹಾಗೂ ಕಾಂಕ್ರೀಟು ಹೆಚ್ಚಾಗಿದ್ದ ಇವುಗಳನ್ನು ಜನರು 'ಗಟ್ಟಿ ಚೌಕಗಳು' ಎಂದು ಕರೆದರು. ಆ ಹೆಸರಿನಲ್ಲಿ ಮೆಚ್ಚುಗೆಗಿಂತ ಅಸಮಾಧಾನವೇ ಹೆಚ್ಚಾಗಿತ್ತು. 1983ರಲ್ಲಿ ಸಾಂಟ್ಸ್ ರೈಲು ನಿಲ್ದಾಣದ ಎದುರು ನಿರ್ಮಾಣವಾದ ಪಾಯಿಸೋಸ್ ಕಟಲಾನ್ಸ್ ಚೌಕವು ಇದಕ್ಕೆ ಉತ್ತಮ ಉದಾಹರಣೆ. ಅದರ ಅಡಿಯಲ್ಲಿ ರೈಲು ಹಳಿಗಳಿರುವುದರಿಂದ ಮರ ನೆಡಲು ಮಣ್ಣಿನ ಆಳವಿರಲಿಲ್ಲ. ನೆರಳು ಬಯಸಿದವರಿಗೆ ಕೊರತೆಯಾದದ್ದು ಸ್ಕೇಟ್‌ಬೋರ್ಡಿಗರಿಗೆ ಅನುಕೂಲವಾಯಿತು. ವಿಶಾಲವಾದ ನುಣುಪು ನೆಲ ಮತ್ತು ಕಲ್ಲಿನ ಆಸನಗಳು ಅವರಿಗೆ ದೊರೆತವು.

1992ರ ಒಲಿಂಪಿಕ್ ಕ್ರೀಡಾಕೂಟದ ಸಿದ್ಧತೆಯು ಕಡಲತೀರವನ್ನೂ ಬದಲಾಯಿಸಿತು. ಅದುವರೆಗೆ ಕಾರ್ಖಾನೆಗಳು ಮತ್ತು ರೈಲು ಮಾರ್ಗಗಳು ನಗರವನ್ನು ಸಮುದ್ರದಿಂದ ಬೇರ್ಪಡಿಸಿದ್ದವು. ಅವುಗಳನ್ನು ತೆರವುಗೊಳಿಸಿದ ಜಾಗದಲ್ಲಿ ಮರಳು ತೀರಗಳು, ಉದ್ಯಾನಗಳು ಹಾಗೂ ಉದ್ದನೆಯ ನಡೆದಾರಿಗಳು ನಿರ್ಮಾಣವಾದವು.

ಮಾಕ್ಬಾ ಚೌಕ

ರವಾಲ್ ಬಡಾವಣೆಯ ಆಂಜೆಲ್ಸ್ ಚೌಕದಲ್ಲಿ 1995ರಲ್ಲಿ ಸಮಕಾಲೀನ ಕಲೆಯ ವಸ್ತುಸಂಗ್ರಹಾಲಯವು ತೆರೆಯಿತು. ಇದರ ಹೆಸರಿನ ಹ್ರಸ್ವರೂಪವೇ ಮಾಕ್ಬಾ. ಅಮೆರಿಕದ ವಾಸ್ತುಶಿಲ್ಪಿ ರಿಚರ್ಡ್ ಮೈಯರ್ ವಿನ್ಯಾಸಗೊಳಿಸಿದ ಬಿಳಿಯ ಕಟ್ಟಡದ ಮುಂದೆ ನುಣುಪಾದ ಕಲ್ಲುಹಾಸು, ಉದ್ದನೆಯ ಕಟ್ಟೆಗಳು, ಇಳಿಜಾರು ಮತ್ತು ಅಗಲವಾದ ಕೆಲವೇ ಮೆಟ್ಟಿಲುಗಳಿವೆ. ಕಟ್ಟೆಯ ಎತ್ತರವು ಕಲಿಯುವವನಿಗೆ ಹತ್ತಲು ಸಾಧ್ಯವಾಗುವಷ್ಟು ತಗ್ಗಾಗಿದೆ, ನುರಿತವನಿಗೆ ಸಪ್ಪೆಯೆನಿಸದಷ್ಟು ಉದ್ದವಾಗಿದೆ. ಕೆಲವೇ ವರ್ಷಗಳಲ್ಲಿ ವೃತ್ತಿಪರ ಆಟಗಾರರು ಚಿತ್ರೀಕರಣಕ್ಕಾಗಿ ಇಲ್ಲಿಗೆ ಬರತೊಡಗಿದರು. ಅವರ ವಿಡಿಯೊಗಳನ್ನು ನೋಡಿದ ಇತರ ದೇಶಗಳ ಯುವಕರು ಹಲಗೆ ಹಿಡಿದು ಹಿಂಬಾಲಿಸಿದರು.

ಚೌಕದ ಸುತ್ತಲೂ ಮನೆಗಳಿವೆ. ಹಲಗೆಯು ಕಲ್ಲಿಗೆ ಬಡಿಯುವ ಶಬ್ದವು ಎದುರುಬದುರು ಗೋಡೆಗಳ ನಡುವೆ ಪ್ರತಿಧ್ವನಿಸಿ ಮೇಲಿನ ಮಹಡಿಗಳನ್ನು ತಲುಪುತ್ತದೆ. ರವಾಲ್ ಜನದಟ್ಟಣೆಯ ಬಡಾವಣೆಯಾಗಿದ್ದು, ಮಕ್ಕಳಿಗೆ ಆಡಲು ಹಾಗೂ ವೃದ್ಧರಿಗೆ ಕುಳಿತುಕೊಳ್ಳಲು ತೆರೆದ ಜಾಗ ಕಡಿಮೆ. ಹೀಗಾಗಿ ನಿವಾಸಿಗಳ ದೂರನ್ನು ಕೇವಲ ಅಸಹನೆಯೆಂದು ತಳ್ಳಿಹಾಕುವಂತಿಲ್ಲ. ಆದರೆ ಅವರ ತಕರಾರು ಸ್ಕೇಟ್‌ಬೋರ್ಡಿಗರೊಂದಿಗೆ ಮಾತ್ರವೂ ಅಲ್ಲ. ಚೌಕದ ಹಳೆಯ ಪ್ರಾರ್ಥನಾಲಯವನ್ನು ವಸ್ತುಸಂಗ್ರಹಾಲಯಕ್ಕೆ ಕೊಡಬೇಕೋ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಕೊಡಬೇಕೋ ಎಂಬ ಬಗ್ಗೆ 2018–19ರಲ್ಲಿ ತೀವ್ರ ವಿವಾದ ನಡೆಯಿತು. ಅನಂತರ ವಸ್ತುಸಂಗ್ರಹಾಲಯವನ್ನು ಚೌಕದ ಕಡೆಗೆ ವಿಸ್ತರಿಸುವ ಯೋಜನೆಗೂ ನಿವಾಸಿಗಳ ವಿರೋಧ ವ್ಯಕ್ತವಾಯಿತು. ತೆರೆದ ನೆಲ ಕಡಿಮೆಯಾಗುವುದರಿಂದ ನಷ್ಟವು ನಿವಾಸಿಗಳಿಗೂ ಸ್ಕೇಟ್‌ಬೋರ್ಡಿಗರಿಗೂ ಸಮಾನವಾಗಿತ್ತು.

ಕಾನೂನು

2006ರ ಜನವರಿಯಲ್ಲಿ ಜಾರಿಗೆ ಬಂದ ನಾಗರಿಕ ಸಹಬಾಳ್ವೆಯ ನಿಯಮಾವಳಿಯು, ಗೊತ್ತುಪಡಿಸಿದ ಸ್ಥಳಗಳ ಹೊರಗೆ ಹಲಗೆ, ಸೈಕಲ್ ಮೊದಲಾದವುಗಳ ಮೇಲೆ ಕಸರತ್ತು ಮಾಡುವುದನ್ನು ನಿಷೇಧಿಸಿತು. ಮೆಟ್ಟಿಲು, ಕಂಬಿ ಹಾಗೂ ಆಸನಗಳನ್ನು ಈ ಆಟಕ್ಕೆ ಬಳಸುವುದೂ ಅಪರಾಧವಾಯಿತು. ಪೊಲೀಸರು ದಂಡ ವಿಧಿಸುವುದಲ್ಲದೆ ಹಲಗೆಯನ್ನು ವಶಪಡಿಸಿಕೊಳ್ಳಲೂ ಅವಕಾಶವಿದೆ. ಹೀಗೆ ನಿಷೇಧಿಸಿದ ಆಟವೇ ನಗರದ ಹೆಸರನ್ನು ಜಗತ್ತಿಗೆ ಸಾರುತ್ತಲೂ ಇತ್ತು. 2013ರ ಮೇ ತಿಂಗಳಿನಲ್ಲಿ ಎಕ್ಸ್ ಗೇಮ್ಸ್ ಸ್ಪರ್ಧೆಗಳು ಬಾರ್ಸಿಲೋನಾದಲ್ಲಿಯೇ ನಡೆದವು. ಸಂದರ್ಶಕರು ಗಮನಿಸಬೇಕಾದ ಅಂಶವೆಂದರೆ, ಚೌಕದಲ್ಲಿ ಇತರರು ಆಡುತ್ತಿದ್ದಾರೆ ಎಂಬುದು ಅಲ್ಲಿ ಅನುಮತಿ ಇದೆ ಎಂಬುದಕ್ಕೆ ಪುರಾವೆಯಲ್ಲ.

ಇತರ ತಾಣಗಳು

ನಿಷೇಧದ ಜೊತೆಗೆ ಆಟಕ್ಕಾಗಿಯೇ ಮೀಸಲಾದ ಜಾಗಗಳೂ ನಿರ್ಮಾಣವಾಗಿವೆ. ಸಮುದ್ರಕ್ಕೆ ಹೊಂದಿಕೊಂಡ ಮಾರ್ ಬೆಲ್ಲಾ ಉದ್ಯಾನದಲ್ಲಿ ಬೋಗುಣಿಯಾಕಾರದ ಕಾಂಕ್ರೀಟ್ ಹೊಂಡಗಳಿವೆ. ಪರಲ್ಲೆಲ್ ಮೆಟ್ರೊ ನಿಲ್ದಾಣದ ಬಳಿ, ಹಿಂದಿನ ವಿದ್ಯುತ್ ಸ್ಥಾವರದ ಮೂರು ಹೊಗೆಕೊಳವೆಗಳ ಬುಡದಲ್ಲಿ, ಬೀದಿ ಮಾದರಿಯ ಕಟ್ಟೆಗಳಿವೆ. ಉತ್ತರ ಭಾಗದ ಗಿನೆವೆತಾದಲ್ಲಿಯೂ ಒಂದು ಸ್ಕೇಟ್ ಪಾರ್ಕ್ ಇದೆ. 2004ರ ಸಾಂಸ್ಕೃತಿಕ ಸಮ್ಮೇಳನಕ್ಕಾಗಿ ಕಡಲ ಅಂಚಿನಲ್ಲಿ ನಿರ್ಮಿಸಿದ ಫೋರಂ ಪ್ರದೇಶದ ವಿಶಾಲ ಕಾಂಕ್ರೀಟ್ ನೆಲಕ್ಕೂ ಆಟಗಾರರು ಬರುತ್ತಾರೆ. ಆರಂಭಿಕರಿಗೆ ಮಾಕ್ಬಾದ ಜನಜಂಗುಳಿಗಿಂತ ಈ ಪಾರ್ಕುಗಳ ಬೆಳಗಿನ ಹೊತ್ತು ಹೆಚ್ಚು ಸೂಕ್ತ.

ನೆಲ, ಸಲಕರಣೆ ಮತ್ತು ಕಲಿಕೆ

ನಗರದ ಪಾದಚಾರಿ ಮಾರ್ಗಗಳಲ್ಲಿ ಹಾಸಿರುವ ಪನೋತ್ ಎಂಬ 20 ಸೆಂ.ಮೀ. ಚೌಕಾಕಾರದ ಸಿಮೆಂಟ್ ಬಿಲ್ಲೆಗಳ ಮೇಲೆ ಹೂವಿನಂತಹ ಅಚ್ಚುಗಳಿದ್ದು, ಅವುಗಳ ಗೀರುಗಳು ಗಟ್ಟಿ ಚಕ್ರಗಳನ್ನು ನಡುಗಿಸುತ್ತವೆ. ಚೌಕಗಳ ನುಣುಪು ಕಲ್ಲಿಗೆ 50ರಿಂದ 54 ಮಿ.ಮೀ. ವ್ಯಾಸದ, ಸುಮಾರು 99ಎ ಗಡಸುತನದ ಚಕ್ರಗಳು ಹೊಂದುತ್ತವೆ. ಕೇವಲ ಪ್ರಯಾಣಕ್ಕೆ 78ಎಯಿಂದ 87ಎವರೆಗಿನ ಮೆದು ಚಕ್ರಗಳು ವಾಸಿ. ಹಳೆಯ ಊರಿನ ಇಕ್ಕಟ್ಟಾದ ಗಲ್ಲಿಗಳಲ್ಲಿ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನಡೆಯುವುದೇ ಲೇಸು.

ಬೀದಿ ಆಟದ ಮೂಲ ಜಿಗಿತವನ್ನು 'ಆಲಿ' ಎನ್ನುತ್ತಾರೆ. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿದಾಗ ಮುಂಭಾಗ ಮೇಲೇಳುತ್ತದೆ. ಆಗ ಆಟಗಾರನು ಜಿಗಿಯುತ್ತಲೇ ಮುಂಗಾಲನ್ನು ಹಲಗೆಯ ಮೇಲೆ ಮುಂದಕ್ಕೆ ಜಾರಿಸಿ ಅದನ್ನು ಸಮತಲಕ್ಕೆ ತರುತ್ತಾನೆ. ನೋಡುವವರಿಗೆ ಹಲಗೆ ಪಾದಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಕಟ್ಟೆಯ ಮೇಲೆ ಹತ್ತಿ ಜಾರುವುದಕ್ಕೆ ಮೊದಲು ಇದನ್ನು ಸಮನೆಲದಲ್ಲಿ ರೂಢಿಸಿಕೊಳ್ಳಬೇಕಾಗುತ್ತದೆ. ಬೀಳುವಾಗ ಕೈ ನೆಟ್ಟಗೆ ಊರಿದರೆ ಮಣಿಕಟ್ಟಿನ ಮೂಳೆ ಮುರಿಯುವ ಸಂಭವವಿರುವುದರಿಂದ, ಮೊಣಕಾಲು ಬಾಗಿಸಿ ಭುಜದ ಮೇಲೆ ಉರುಳುವುದನ್ನು ಕಲಿಸುತ್ತಾರೆ. ಶಿರಸ್ತ್ರಾಣ ಧರಿಸುವುದು ಅಗತ್ಯ.

ಕಡಲತೀರದಲ್ಲಿ ಆಡುವವರಿಗೆ ಇನ್ನೊಂದು ತೊಂದರೆಯಿದೆ. ಗಾಳಿಯೊಂದಿಗೆ ನಡೆದಾರಿಗೆ ಬಂದು ಬೀಳುವ ಮರಳು ಚಕ್ರದ ಬೇರಿಂಗ್‌ಗಳೊಳಗೆ ಸೇರುತ್ತದೆ, ಉಪ್ಪಿನ ತೇವವು ಅವುಗಳಿಗೆ ತುಕ್ಕು ಹಿಡಿಸುತ್ತದೆ. ಅವುಗಳನ್ನು ನೀರಿನಲ್ಲಿ ತೊಳೆಯಬಾರದು. ಕಳಚಿ, ಕೊಳೆ ಕರಗಿಸುವ ದ್ರವದಲ್ಲಿ ಶುಚಿಗೊಳಿಸಿ, ಪೂರ್ಣವಾಗಿ ಒಣಗಿದ ಬಳಿಕ ಒಂದೆರಡು ಹನಿ ತೆಳು ಎಣ್ಣೆ ಹಾಕುವುದು ವಾಡಿಕೆ.