ಡ್ಯಾಕ್, ಆಂಪ್ ಮತ್ತು ನಮ್ಮ ಕಿವಿ

ಫೋನುಗಳಿಂದ ಹೆಡ್‌ಫೋನ್ ಸಿಕ್ಕಿಸುವ ತೂತು ಮಾಯವಾಗತೊಡಗಿದ ಮೇಲೆ ನಮ್ಮ ಶಾಲೆಯ ಪೋಷಕರ ಮಾತುಕತೆಯಲ್ಲಿ ಎರಡು ಹೊಸ ಪದಗಳು ಸೇರಿಕೊಂಡಿವೆ: ‘ಡ್ಯಾಕ್’ ಮತ್ತು ‘ಆಂಪ್’. ಕಾಲೇಜಿಗೆ ಹೋಗುವ ಮಗ ಹುಟ್ಟುಹಬ್ಬದ ಉಡುಗೊರೆಯಾಗಿ ಇದನ್ನೇ ಕೇಳುತ್ತಾನೆ. ಊರಿನಿಂದ ಬಂದಿರುವ ಅಪ್ಪನಿಗೆ ಹಳೆಯ ಕ್ಯಾಸೆಟ್ಟಿನ ಹಾಡುಗಳು ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿಲ್ಲ, ಇದನ್ನು ಕೊಂಡರೆ ಸರಿಹೋದೀತೇ ಎಂದು ಮಗಳು ವಿಚಾರಿಸುತ್ತಾಳೆ. ಕೆಲವೇ ಡಾಲರಿನ ತುಂಡು ವೈರಿನಿಂದ ಹಿಡಿದು ಸಾವಿರ ಡಾಲರ್ ದಾಟುವ ಪೆಟ್ಟಿಗೆಯವರೆಗೆ ಎಲ್ಲವೂ ಇದೇ ಹೆಸರಿನಲ್ಲಿ ಮಾರಾಟಕ್ಕಿವೆ. ಅದರ ಮೇಲೆ ಒಂಟೇರಿಯೋದ 13 ಪ್ರತಿಶತ ತೆರಿಗೆ ಬೇರೆ. ಹಾಗಾಗಿ ಇವು ಮಾಡುವ ಕೆಲಸ ಏನು, ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಈ ಬಾರಿಯ ಸಂಚಿಕೆಯಲ್ಲಿ ಬಿಡಿಸಿ ಹೇಳಲು ಹೊರಟಿದ್ದೇವೆ.

ಚುಕ್ಕಿಯಿಂದ ಎಳೆಗೆ

ಡ್ಯಾಕ್ ಎಂದರೆ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸುವ ಚಿಪ್ ಅದು. ಫೋನಿನೊಳಗೆ ಇರುವುದು ಹಾಡಲ್ಲ, ಅಂಕಿಗಳ ಉದ್ದನೆಯ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಲೆಕ್ಕವನ್ನೇ ತೆಗೆದುಕೊಳ್ಳಿ. ಎಡ ಮತ್ತು ಬಲ ಎರಡೂ ಬದಿಯ ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಪ್ರತಿ ಅಳತೆಗೂ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಯಾವುದೋ ಒಂದು.

ನಮ್ಮ ಮನೆಗಳ ಚುಕ್ಕಿ ರಂಗೋಲಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಳತೆಗಳು ಚುಕ್ಕಿಗಳು. ಡ್ಯಾಕ್ ಆ ಚುಕ್ಕಿಗಳ ಮೇಲೆ ಎಳೆ ಎಳೆಯುವ ಕೈ. ಹಾಗಾದರೆ ಎರಡು ಚುಕ್ಕಿಗಳ ನಡುವೆ ಇದ್ದ ಶಬ್ದ ಕಳೆದುಹೋಗಲಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಜಾಹೀರಾತುಗಳಲ್ಲಿ ಸಿ.ಡಿ.ಯ ಶಬ್ದವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದು, ದುಬಾರಿ ಸಲಕರಣೆಯ ಶಬ್ದವನ್ನು ನುಣುಪಾದ ಗೆರೆಯಾಗಿ ತೋರಿಸುವುದು ಈ ಅನುಮಾನವನ್ನು ನಂಬಿಕೊಂಡೇ. ಆದರೆ ಆ ಚಿತ್ರ ಸರಿಯಲ್ಲ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಸೂಚಿಸಿದ್ದನ್ನು ಕ್ಲಾಡ್ ಶಾನನ್ 1949ರಲ್ಲಿ ಗಣಿತದ ಮೂಲಕ ಖಚಿತಪಡಿಸಿದರು: ಅಳೆಯುವ ವೇಗದ ಅರ್ಧಕ್ಕಿಂತ ಹೆಚ್ಚಿನ ಕಂಪನ ಶಬ್ದದಲ್ಲಿ ಇಲ್ಲದಿದ್ದರೆ, ಆ ಚುಕ್ಕಿಗಳ ಮೂಲಕ ಹಾದುಹೋಗುವ ಎಳೆ ಒಂದೇ ಒಂದು. ಮನುಷ್ಯರ ಕಿವಿ ಎಷ್ಟೇ ಚುರುಕಾಗಿದ್ದರೂ ಸೆಕೆಂಡಿಗೆ ಸುಮಾರು 20,000 ಕಂಪನಗಳ ಆಚೆ ಕೇಳದು. 44,100ರ ಅರ್ಧ 22,050. ಆದ್ದರಿಂದ ಡ್ಯಾಕ್ ಆ ಎಳೆಯನ್ನು ಊಹಿಸುವುದಿಲ್ಲ, ಮರಳಿ ಎಳೆಯುತ್ತದೆ. 16 ಬಿಟ್ಟಿಗೆ ಇಳಿಸುವಾಗ ಸೇರುವ ಕರಕರ ಶಬ್ದ ಹಾಡಿನ ಗರಿಷ್ಠ ಮಟ್ಟಕ್ಕಿಂತ ಸುಮಾರು 96 ಡೆಸಿಬೆಲ್ ಕೆಳಗಿರುತ್ತದೆ. ಮನೆಯ ಫ್ರಿಜ್ಜಿನ ಗುಂಯ್‌ಗುಡುವಿಕೆಯಲ್ಲೇ ಅದು ಮುಳುಗಿಹೋಗುತ್ತದೆ. 24 ಬಿಟ್, 96 ಕಿಲೋಹರ್ಟ್ಸ್ ಎಂಬ ಚೀಟಿ ಅಂಟಿಸಿದ ‘ಹೈ-ರೆಸ್’ ಹಾಡುಗಳು ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ಉಪಯುಕ್ತ. ಕೇಳುವವರು ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

65,536 ಮಟ್ಟಗಳನ್ನು ಚಿಪ್ಪಿನೊಳಗೆ ನೇರವಾಗಿ ಹುಟ್ಟಿಸುವುದು ಕಷ್ಟದ ಕೆಲಸ. ಒಂದೊಂದು ತೂಕದ ಕಲ್ಲೂ ಅಷ್ಟೇ ನಿಖರವಾಗಿರಬೇಕು. ಈಗಿನ ಹೆಚ್ಚಿನ ಚಿಪ್‌ಗಳು ಬೇರೆ ಉಪಾಯ ಹೂಡುತ್ತವೆ. ಬಿಸಿನೀರಿನ ನಲ್ಲಿ, ತಣ್ಣೀರಿನ ನಲ್ಲಿ ಎರಡನ್ನೂ ಸರಸರನೆ ತೆರೆದು ಮುಚ್ಚುತ್ತಿದ್ದರೆ ಬಕೆಟ್ಟಿನಲ್ಲಿ ಬೇಕಾದ ಹದದ ನೀರು ಸಿಗುತ್ತದಲ್ಲವೇ? ಹಾಗೆಯೇ ಕೆಲವೇ ಮಟ್ಟಗಳನ್ನು ಸೆಕೆಂಡಿಗೆ ಲಕ್ಷಾಂತರ ಸಲ ಬದಲಿಸಿ, ಸರಾಸರಿಯಲ್ಲಿ ಬೇಕಾದ ಅಲೆಯನ್ನು ಪಡೆಯುತ್ತಾರೆ. ಇದರಲ್ಲಿ ಹುಟ್ಟುವ ಗದ್ದಲವನ್ನು ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ ಸೋಸಿಬಿಡುತ್ತಾರೆ. ಈ ವಿಧಾನದ ಹೆಸರು ಡೆಲ್ಟಾ-ಸಿಗ್ಮಾ. ಇದಕ್ಕೂ ನಮ್ಮೂರಿಗೂ ನಂಟಿದೆ ಎಂದರೆ ಮಕ್ಕಳಿಗೆ ಖುಷಿಯಾದೀತು. ಈ ವಿಷಯದ ಹೆಸರಾಂತ ಪಠ್ಯಪುಸ್ತಕವನ್ನು ಗೇಬರ್ ಟೆಮೆಸ್ ಜೊತೆ ಬರೆದ ರಿಚರ್ಡ್ ಶ್ರಾಯರ್ 1991ರಲ್ಲಿ ಪಿಎಚ್.ಡಿ. ಪಡೆದದ್ದು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ. ಅನೇಕ ಡಾಂಗಲ್‌ಗಳಲ್ಲಿ ಕಾಣುವ ಇ.ಎಸ್.ಎಸ್. ಕಂಪನಿಯ ‘ಸೇಬರ್’ ಚಿಪ್‌ಗಳು ರೂಪುಗೊಂಡದ್ದು ಬ್ರಿಟಿಷ್ ಕೊಲಂಬಿಯಾದ ಕೆಲೌನಾದಲ್ಲಿ.

ಇಷ್ಟೆಲ್ಲ ಜಾಣತನದ ಫಲ ಏನೆಂದರೆ ಒಳ್ಳೆಯ ಡ್ಯಾಕ್ ಈಗ ಅಗ್ಗ. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ತೂತನ್ನು ತೆಗೆದಾಗ ಆಪಲ್ ಕೊಟ್ಟ ಗೇಣುದ್ದದ ಬಿಳಿ ವೈರಿನ ತುದಿಯಲ್ಲಿ ಡ್ಯಾಕ್ ಮತ್ತು ಆಂಪ್ ಎರಡೂ ಅಡಗಿದ್ದವು. ಈಗಿನ ಯು.ಎಸ್.ಬಿ.-ಸಿ ಅಡಾಪ್ಟರಿನಲ್ಲೂ ಹಾಗೆಯೇ. ಆದರೆ ಕೆಲವು ಅಗ್ಗದ ಅಡಾಪ್ಟರುಗಳಲ್ಲಿ ಚಿಪ್ಪೇ ಇರುವುದಿಲ್ಲ. ಫೋನೇ ಅನಲಾಗ್ ಶಬ್ದವನ್ನು ಆ ತೂತಿನಿಂದ ಹೊರಗೆ ಕಳಿಸಿದರೆ ಮಾತ್ರ ಅವು ಕೆಲಸ ಮಾಡುತ್ತವೆ. ಒಬ್ಬರ ಫೋನಿನಲ್ಲಿ ಹಾಡುವ ವೈರು ಇನ್ನೊಬ್ಬರದರಲ್ಲಿ ಮೂಕವಾಗುವುದು ಈ ಕಾರಣಕ್ಕೆ.

ಟ್ಯಾಂಕ್ ಎಷ್ಟು ಎತ್ತರದಲ್ಲಿರಬೇಕು?

ಡ್ಯಾಕ್ ಎಳೆದ ಅಲೆಗೆ ಹೆಡ್‌ಫೋನನ್ನು ಅಲುಗಾಡಿಸುವ ಬಲ ಇರುವುದಿಲ್ಲ. ಆ ಬಲ ಕೊಡುವುದೇ ಆಂಪ್ಲಿಫೈಯರ್. ಊರಿನ ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕಿನ ಎತ್ತರ ವೋಲ್ಟೇಜ್. ಕೊಳಾಯಿಯಲ್ಲಿ ಹರಿಯುವ ನೀರು ಕರೆಂಟ್. ಕೊಳಾಯಿ ಕಿರಿದಾದಷ್ಟೂ ತಡೆ ಹೆಚ್ಚು. ಈ ತಡೆಗೆ ಇಂಪಿಡೆನ್ಸ್ ಎನ್ನುತ್ತಾರೆ, ಅಳೆಯುವುದು ಓಮ್‌ಗಳಲ್ಲಿ. 300 ಓಮಿನ ಹೆಡ್‌ಫೋನಿಗೆ ಎತ್ತರದ ಟ್ಯಾಂಕ್ ಬೇಕು. 16 ಓಮಿನದಕ್ಕೆ ಎತ್ತರ ಬೇಕಿಲ್ಲ, ಧಾರಾಳವಾಗಿ ನೀರು ಹರಿಯಬೇಕು.

ಓಮ್ ಒಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಕೊಟ್ಟ ವಿದ್ಯುತ್ತಿಗೆ ಹೆಡ್‌ಫೋನ್ ಎಷ್ಟು ಜೋರಾಗಿ ಮೊಳಗುತ್ತದೆ ಎಂಬ ಇನ್ನೊಂದು ಅಂಕಿ, ಸೆನ್ಸಿಟಿವಿಟಿ, ಪೆಟ್ಟಿಗೆಯ ಮೇಲೆ ಇರುತ್ತದೆ. ಒಂದು ಲೆಕ್ಕ ಮಾಡೋಣ. ಆಪಲ್‌ನ ಯು.ಎಸ್.ಬಿ.-ಸಿ ಅಡಾಪ್ಟರಿನ ಉತ್ತರ ಅಮೆರಿಕದ ಮಾದರಿ ಹೆಚ್ಚೆಂದರೆ ಸುಮಾರು 1 ವೋಲ್ಟ್ ಕೊಡುತ್ತದೆ. ಸ್ಟುಡಿಯೋಗಳಲ್ಲಿ ಮೊದಲಿನಿಂದ ಕಾಣುವ ಸೋನಿ ಎಂ.ಡಿ.ಆರ್.-7506 ಹೆಡ್‌ಫೋನಿನದು 63 ಓಮ್, ಒಂದು ಮಿಲಿವಾಟಿಗೆ 106 ಡೆಸಿಬೆಲ್. ಒಂದು ವೋಲ್ಟಿನಲ್ಲಿ ಅದಕ್ಕೆ ಸುಮಾರು 16 ಮಿಲಿವಾಟ್ ಸಿಗುತ್ತದೆ, ಅಂದರೆ 118 ಡೆಸಿಬೆಲ್. ಕಿವಿಗೆ ನೋವಾಗುವಷ್ಟು ಜೋರು! ಇದಕ್ಕೆ ಬೇರೆ ಆಂಪ್ ಏಕೆ? ಇನ್ನೊಂದು ತುದಿಯಲ್ಲಿ 300 ಓಮಿನ ಸೆನ್‌ಹೈಸರ್ ಎಚ್.ಡಿ. 600 ಇದೆ. ಒಂದು ವೋಲ್ಟಿಗೆ ಅದು ಕೊಡುವುದು 97 ಡೆಸಿಬೆಲ್. ಕೇಳಲು ಇದೂ ಸಾಕೆನಿಸುತ್ತದೆ, ಸಿನಿಮಾ ಹಾಡಿಗೆ ಸಾಕು ಕೂಡ. ಆದರೆ ಕಛೇರಿಯ ಧ್ವನಿಮುದ್ರಣದಲ್ಲಿ ಮೃದಂಗದ ಪೆಟ್ಟಿಗೂ ಆಲಾಪನೆಗೂ 25 ಡೆಸಿಬೆಲ್ ಅಂತರವಿರುವುದು ಅಪರೂಪವಲ್ಲ. ಪೆಟ್ಟು 97ಕ್ಕೆ ನಿಂತರೆ ಆಲಾಪನೆ 72ಕ್ಕೆ ಇಳಿಯುತ್ತದೆ. ಇಂಥ ಕಡೆ ಆಂಪ್ ನಿಜವಾಗಿಯೂ ಬೇಕಾಗುತ್ತದೆ. ಲಂಡನ್ನಿನ ನೆಂಟರು ತಂದುಕೊಟ್ಟ ಅದೇ ಅಡಾಪ್ಟರಿನಲ್ಲಿ ಶಬ್ದ ಕಡಿಮೆ ಎನಿಸಿದರೆ ಆಶ್ಚರ್ಯಪಡಬೇಡಿ. ಯೂರೋಪಿನ ಮಾದರಿ ಅರ್ಧ ವೋಲ್ಟ್ ಮಾತ್ರ ಕೊಡುತ್ತದೆ, 6 ಡೆಸಿಬೆಲ್ ಅಲ್ಲೇ ಹೋಯಿತು.

ಆಂಪ್‌ಗೂ ತನ್ನದೇ ಒಂದು ಒಳತಡೆ ಇರುತ್ತದೆ. ಅದು ಹೆಡ್‌ಫೋನಿನ ಓಮಿನ ಎಂಟನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. ಮೀರಿದರೆ ಕೆಲವು ಇಯರ್‌ಫೋನುಗಳಲ್ಲಿ ಮಂದ್ರ ಉಬ್ಬುವುದೋ ತಾರ ಕುಗ್ಗುವುದೋ ಆಗುತ್ತದೆ. ಇನ್ನು ಸೂಕ್ಷ್ಮವಾದ ಇಯರ್‌ಫೋನಿಗೆ ಬಲಶಾಲಿ ಆಂಪ್ ಜೋಡಿಸಿದರೆ ಹಾಡಿನ ಹಿಂದೆ ಸುಂಯ್ ಎಂಬ ಸದ್ದು. ತಂಬೂರಿ ಒಂದೇ ಮೀಟುತ್ತಿರುವಾಗ ಕೇಳಿ ನೋಡಿ, ಥಟ್ಟನೆ ಗೊತ್ತಾಗುತ್ತದೆ. ಆಂಪ್ ಪರೀಕ್ಷಿಸಲು ಅಂಗಡಿಯವರು ಹಾಕುವ ಢಣಢಣ ಹಾಡಿಗಿಂತ ನಮ್ಮ ತಂಬೂರಿಯೇ ಮೇಲು.

ನೀಲಿಹಲ್ಲಿನ, ಅಂದರೆ ಬ್ಲೂಟೂತ್ ಹೆಡ್‌ಫೋನ್ ಬಳಸುವವರಿಗೆ ಇದೆಲ್ಲ ಅನ್ವಯಿಸುವುದಿಲ್ಲ. ಡ್ಯಾಕ್, ಆಂಪ್ ಎರಡೂ ಅದರ ಹೊಟ್ಟೆಯೊಳಗೇ ಇರುತ್ತವೆ.

ಅಪ್ಪನ ಕ್ಯಾಸೆಟ್ಟುಗಳು

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಹಾಡಿದ 78 ಆರ್.ಪಿ.ಎಂ. ತಟ್ಟೆಗಳಿರಲಿ, ರೇಡಿಯೋದಿಂದ ಕ್ಯಾಸೆಟ್ಟಿಗೆ ಹಿಡಿದಿಟ್ಟ ಭಾವಗೀತೆಗಳಿರಲಿ, ಅಲ್ಲಿ ದಾಖಲಾಗದ ಶಬ್ದವನ್ನು ಯಾವ ಡ್ಯಾಕ್ ಕೂಡ ತಂದುಕೊಡಲಾರದು. ಇಂಥ ಹಾಡುಗಳಿಗೆ ದುಬಾರಿ ಡ್ಯಾಕ್ ಕೊಳ್ಳುವುದು ಹೊಟ್ಟೆನೋವಿಗೆ ಮೊಣಕಾಲಿಗೆ ಎಣ್ಣೆ ತಿಕ್ಕಿದ ಹಾಗೆ. ಆದರೆ ಬಿಟ್ಟಿಯಾಗಿ ಮಾಡಬಹುದಾದ ಕೆಲಸಗಳಿವೆ. ಮನೆಯಲ್ಲಿ ಕಂಪ್ಯೂಟರಿಗೆ ಇಳಿಸಿದ ಎಷ್ಟೋ ಕ್ಯಾಸೆಟ್ಟುಗಳು ಒಂದೇ ಕಿವಿಯಲ್ಲಿ ಕೇಳುತ್ತವೆ. ಫೋನಿನ ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ ಭಾಗದಲ್ಲಿ ‘ಮೋನೋ ಆಡಿಯೋ’ ಆನ್ ಮಾಡಿದರೆ ಎರಡೂ ಕಿವಿಗೆ ಬರುತ್ತದೆ. ಒಂದು ಕಿವಿ ಮಂದವಾಗಿರುವ ಹಿರಿಯರಿಗೂ ಇದು ವರದಾನ. ಕ್ಯಾಸೆಟ್ ಇನ್ನೂ ಕೈಯಲ್ಲಿದ್ದರೆ, ಮತ್ತೊಮ್ಮೆ ಇಳಿಸುವ ಮುಂಚೆ ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಹಾಡು ನಡೆಯುತ್ತಿರುವಾಗಲೇ ಚೂರು ಚೂರೇ ತಿರುಗಿಸಿದರೆ ಒಂದು ಹಂತದಲ್ಲಿ ತಾಳದ ಸದ್ದು ಮಂಜು ಸರಿದಂತೆ ಸ್ಪಷ್ಟವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇಷ್ಟಾದರೂ ಅಪ್ಪನಿಗೆ ಮಾತು ಸ್ಪಷ್ಟವಾಗದಿದ್ದರೆ ಕರೆದೊಯ್ಯಬೇಕಾದದ್ದು ಶ್ರವಣ ಪರೀಕ್ಷೆಗೆ, ಎಲೆಕ್ಟ್ರಾನಿಕ್ಸ್ ಅಂಗಡಿಗಲ್ಲ.

ಸಬ್‌ವೇಯ ಲೆಕ್ಕ

ಮಕ್ಕಳು ಹೆಚ್ಚಾಗಿ ಹಾಡು ಕೇಳುವುದು ಬಸ್ಸಿನಲ್ಲಿ, ರೈಲಿನಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ಸಬ್‌ವೇಯ ಸರಾಸರಿ ಗದ್ದಲ ಸುಮಾರು 80 ಡೆಸಿಬೆಲ್ ಎಂದು ದಾಖಲಾಗಿದೆ. ಆಲಾಪನೆ ಹಾಗಿರಲಿ, ಚಿತ್ರಗೀತೆಯೂ ಅದರಲ್ಲಿ ಮುಳುಗುತ್ತದೆ. ಆಗ ಕೈ ತಾನಾಗಿಯೇ ವಾಲ್ಯೂಮಿನ ಕಡೆ ಹೋಗುತ್ತದೆ. ಗದ್ದಲಕ್ಕಿಂತ 10 ಡೆಸಿಬೆಲ್ ಮೇಲೆ ಕೇಳಿದರೂ 90 ಆಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮಿತಿ, ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. 90ರಲ್ಲಿ ದೊಡ್ಡವರಿಗೆ ಉಳಿಯುವುದು ವಾರಕ್ಕೆ ಸುಮಾರು 4 ಗಂಟೆ. ಕಿಪ್ಲಿಂಗ್ ನಿಲ್ದಾಣದಿಂದ ಡೌನ್‌ಟೌನಿಗೆ ದಿನವೂ ಹೋಗಿಬರುವವರಿಗೆ ಗುರುವಾರದ ಹೊತ್ತಿಗೆ ಅದು ಖರ್ಚಾಗಿರುತ್ತದೆ. ಮಕ್ಕಳ ಮಿತಿಯಲ್ಲಿ ಅದು ಒಂದೂಕಾಲು ಗಂಟೆಯಷ್ಟೇ. ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇಲ್ಲಿ ಆಂಪ್ ಮಾಡುವ ಸಹಾಯ ಏನೂ ಇಲ್ಲ. ಕಿವಿಯಲ್ಲಿ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹೊರಗಿನ ಗದ್ದಲವನ್ನು 15-20 ಡೆಸಿಬೆಲ್ ತಡೆಯಬಲ್ಲದು. ಗದ್ದಲವೇ ಕಡಿಮೆಯಾದರೆ ಹಾಡನ್ನು ಜೋರು ಮಾಡಬೇಕಿಲ್ಲ. ಜೊತೆಗೆ ಬರುವ ಮೂರು ಅಳತೆಯ ರಬ್ಬರುಗಳನ್ನೂ ಹಾಕಿ ನೋಡಿ ಆರಿಸಿಕೊಳ್ಳಬೇಕು. ಬಹಳ ಮಂದಿ ಡಬ್ಬಿ ಬಿಚ್ಚಿದಾಗ ಇದ್ದದ್ದನ್ನೇ ಉಳಿಸಿಕೊಳ್ಳುತ್ತಾರೆ. (ರಸ್ತೆ ದಾಟುವಾಗ ಮಾತ್ರ ತೆಗೆದುಬಿಡಿ.) ಇನ್ನೊಂದು ತಮಾಷೆ ಗಮನಿಸಿ. ಆಂಪ್ ಬೇಡುವ ಎಚ್.ಡಿ. 600ರಂಥ ಹೆಡ್‌ಫೋನುಗಳು ಹಿಂಬದಿ ತೆರೆದಿರುವಂಥವು. ಒಳಗಿನ ಹಾಡು ಪಕ್ಕದವರಿಗೂ ಕೇಳುತ್ತದೆ, ಹೊರಗಿನ ಗದ್ದಲ ನಮಗೂ ಕೇಳುತ್ತದೆ. ಅವು ಮನೆಯ ಸೋಫಾದಲ್ಲಿ ಕೂತು ಕೇಳಲು ತಕ್ಕವು. ಜೇಬಿನಲ್ಲಿಟ್ಟು ತಿರುಗುವ ಆಂಪ್ ನಿಜಕ್ಕೂ ಬೇಕಾದವರ ಸಂಖ್ಯೆ ಹೀಗೆ ಇನ್ನಷ್ಟು ಇಳಿಯುತ್ತದೆ.

ಆದರೂ ಕೊಳ್ಳುವ ಆಸೆಯಿದ್ದರೆ ಮೊದಲು ಮನೆಯ ನಿಶ್ಶಬ್ದ ಕೋಣೆಯಲ್ಲಿ ಈಗಿನ ಸಲಕರಣೆಯನ್ನೇ ಪರೀಕ್ಷಿಸಿ. ವಾಲ್ಯೂಮ್ ಮುಕ್ಕಾಲು ಭಾಗದೊಳಗೆ ಸಾಕೆನಿಸಿದರೆ ಆಂಪಿನ ಅಗತ್ಯವಿಲ್ಲ. ಕೆಲವು ಆಂಡ್ರಾಯ್ಡ್ ಫೋನುಗಳು ಆಪಲ್ ಅಡಾಪ್ಟರನ್ನು ಪೂರ್ತಿ ಜೋರಿಗೆ ಏರಿಸುವುದಿಲ್ಲ. ಅಂಥಲ್ಲಿ ಬೇರೆ ಡಾಂಗಲ್ ಸಾಕು. ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಕೂದಲೆಳೆಯಷ್ಟು ಜೋರಾಗಿದ್ದುದೇ ಕಿವಿಗೆ ‘ಸ್ಪಷ್ಟ’, ‘ತುಂಬಿದ ಧ್ವನಿ’ ಎನಿಸುತ್ತದೆ. ಯಾವುದು ನಡೆಯುತ್ತಿದೆ ಎಂದು ತಿಳಿಯದಂತೆ ಮನೆಯವರಿಂದಲೇ ಬದಲಿಸಿಸಿ ಕೇಳಿದರೆ ಇನ್ನೂ ಒಳ್ಳೆಯದು.

ಮಕ್ಕಳಿಗೆ ಆಂಪ್ ಕೊಡಿಸುವವರು ಒಂದು ವಿಷಯ ತಿಳಿದಿರಬೇಕು. ಐಫೋನಿನ ‘ಹೆಡ್‌ಫೋನ್ ಸೇಫ್ಟಿ’ ಭಾಗದಲ್ಲಿ ಶಬ್ದಕ್ಕೆ ಮಿತಿ ಹಾಕಬಹುದು, ಅನೇಕ ಆಂಡ್ರಾಯ್ಡ್ ಫೋನುಗಳಲ್ಲೂ ಅಂಥ ಏರ್ಪಾಡಿದೆ. ಆದರೆ ಆ ಮಿತಿ ಫೋನಿನಿಂದ ಹೊರಡುವ ಶಬ್ದಕ್ಕೆ ಮಾತ್ರ. ಮುಂದೆ ಜೋಡಿಸಿದ ಆಂಪಿಗೆ ತನ್ನದೇ ತಿರುಗುಗುಂಡಿ ಇದ್ದರೆ ಅದು ಎಷ್ಟಕ್ಕೆ ತಿರುಗಿದೆ ಎಂಬುದು ಫೋನಿಗೆ ಗೊತ್ತಾಗುವುದಿಲ್ಲ; ಪರದೆಯ ಮೇಲೆ 75 ಡೆಸಿಬೆಲ್ ಎಂದು ತೋರಿಸುತ್ತಿರುವಾಗಲೇ ಕಿವಿಗೆ 100 ಬೀಳುತ್ತಿರಬಹುದು. ಕೊಂಡ ದಿನವೇ ಆಂಪಿನ ‘ಗೇನ್’ ಸ್ವಿಚ್ಚನ್ನು ಕಡಿಮೆಗೆ ಇಟ್ಟು, ಗುಂಡಿಯನ್ನು ಪೂರ್ತಿ ತಿರುಗಿಸಿ, ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳದೆ ಸ್ವಲ್ಪ ದೂರದಲ್ಲಿ ಹಿಡಿದು ಕೇಳಿ. ಎಷ್ಟು ಜೋರಿದೆ ಎಂದು ಗೊತ್ತಾದ ಮೇಲೆ ಯಾವ ಗುರುತಿನವರೆಗೆ ತಿರುಗಿಸಬಹುದೋ ಅಲ್ಲಿ ಒಂದು ಚುಕ್ಕಿ ಬಣ್ಣ ಹಚ್ಚಿ ಮಕ್ಕಳ ಕೈಗೆ ಕೊಡಿ.