ಮಣ ಎಂದರೆ ಎಷ್ಟು?

ಬೆಂಗಳೂರು ದಕ್ಷಿಣ ತಾಲ್ಲೂಕಿನ ಸುಬ್ರಹ್ಮಣ್ಯಪುರ, ಉತ್ತರಹಳ್ಳಿಯ ಕಡೆ ಹೊಲಗಳಿದ್ದ ಜಾಗದಲ್ಲಿ ಇಂದು ಬಡಾವಣೆಗಳಿವೆ. ಆದರೆ ಹಳೆಯ ಒಕ್ಕಲು ಮನೆತನಗಳ ಲೆಕ್ಕದ ಪುಸ್ತಕಗಳನ್ನು ತೆರೆದರೆ ಬೆಲ್ಲ, ಹುಣಸೆ, ಹಿಂಡಿ ಎಲ್ಲವೂ ಮಣದಲ್ಲಿಯೇ ಸಿಗುತ್ತವೆ. ಆ ಮಣಕ್ಕೆ ಎಷ್ಟು ಕಿಲೋ ಎಂದು ತಿಳಿಯದೆ ಹಳೆಯ ಇಳುವರಿಯನ್ನಾಗಲಿ, ಗೊಬ್ಬರದ ಪ್ರಮಾಣವನ್ನಾಗಲಿ ಇಂದಿನದರೊಡನೆ ಹೋಲಿಸಲು ಬಾರದು.

ಈ ಪದ ಬಹಳ ದೂರದಿಂದ ಬಂದದ್ದು. ಇಂದಿನ ಇರಾಕ್ ಪ್ರದೇಶದ ಪ್ರಾಚೀನ ಅಕ್ಕಾಡಿಯನ್ ಭಾಷೆಯಲ್ಲಿ 'ಮನೂ' ಎಂಬುದು 60 ಶೆಕೆಲ್‌ಗಳ ತೂಕ, ಅಂದರೆ ಸುಮಾರು ಅರ್ಧ ಕಿಲೋ. ಗ್ರೀಕರಲ್ಲಿ ಅದು 'ಮ್ನಾ', ಅರಬ್ಬಿಯಲ್ಲಿ 'ಮನ್ನ್', ಪಾರಸಿಯಲ್ಲಿ 'ಮನ್'. ಋಗ್ವೇದದ 'ಮನಾ' ಪದವನ್ನೂ ಕೆಲವು ವಿದ್ವಾಂಸರು ಇದೇ ಬಳಗಕ್ಕೆ ಸೇರಿಸುತ್ತಾರೆ. ಹೆಸರು ಊರಿಂದೂರಿಗೆ ಹೋಯಿತೇ ಹೊರತು ತೂಕ ಅದರ ಜೊತೆಗೆ ಹೋಗಲಿಲ್ಲ. ಇರಾನಿನ ತಬ್ರೀಜ್ ಮಣ ಸುಮಾರು 3 ಕಿಲೋ ಮಾತ್ರ!

ನಮ್ಮಲ್ಲಿಯೂ ಅದೇ ಕಥೆ. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ. ಅಂಥ 40 ಸೇರಿಗೆ ಒಂದು ಮಣ, ಎಂದರೆ 11.2 ಕಿಲೋ. ಮದರಾಸಿನ ಮಣ 25 ಪೌಂಡು (11.34 ಕಿಲೋ), ಮುಂಬಯಿಯದು 28 ಪೌಂಡು (12.7 ಕಿಲೋ). ಬಂಗಾಳದಲ್ಲಿ 1833ರಲ್ಲಿ ತೊಲವನ್ನು 180 ಗ್ರೇನ್ ಎಂದು ನಿಗದಿ ಮಾಡಿದರು. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಇದು 37.32 ಕಿಲೋ! ಸರ್ಕಾರದ ವರದಿಗಳಲ್ಲಿ ಕಾಣುವುದು ಹೆಚ್ಚಾಗಿ ಈ ದೊಡ್ಡ ಮಣವೇ. ಎರಡರಲ್ಲಿಯೂ ಸೇರು 40 ಎಂಬುದೇ ಗೊಂದಲಕ್ಕೆ ಮೂಲ. ಸೇರಿನ ಸಂಖ್ಯೆ ನೋಡಿದರೆ ಸಾಲದು, ಸೇರಿಗೆ ಎಷ್ಟು ತೊಲ ಎಂಬುದನ್ನು ನೋಡಬೇಕು. ಬರಹದಲ್ಲಿ ವೀಸೆಯ (5 ಕಚ್ಚಾ ಸೇರು, 1.4 ಕಿಲೋ) ಮಾತು ಬಂದರೆ ಅದು ಸಾಮಾನ್ಯವಾಗಿ ಚಿಕ್ಕ ಮಣದ ಲೆಕ್ಕ.

ವ್ಯತ್ಯಾಸ ಎಷ್ಟೆಂದು ನೋಡಿ. ಎಕರೆಗೆ 5 ಮಣ ಹರಳು ಹಿಂಡಿ ಎಂದು ಹಳೆಯ ಪುಸ್ತಕದಲ್ಲಿದೆ ಎನ್ನೋಣ. ಮೈಸೂರು ಮಣವಾದರೆ 56 ಕಿಲೋ, ದೊಡ್ಡ ಮಣವಾದರೆ 187 ಕಿಲೋ. ಹಿಂಡಿಯಲ್ಲಿ ಸಾರಜನಕ ಶೇಕಡಾ 4ರಷ್ಟೆಂದು ಹಿಡಿದರೆ ಮೊದಲನೆಯದರಲ್ಲಿ ಪೈರಿಗೆ ಸಿಗುವುದು ಎರಡು ಕಿಲೋ ಚಿಲ್ಲರೆ, ಎರಡನೆಯದರಲ್ಲಿ ಏಳೂವರೆ ಕಿಲೋ.

ರಾಗಿ, ಭತ್ತದ ಲೆಕ್ಕಕ್ಕೆ ಇದನ್ನು ಹಚ್ಚಬೇಡಿ. ಅಲ್ಲಿ ಸೇರು, ಕೊಳಗ, ಖಂಡುಗ ಎಂದರೆ ಅಳತೆ, ತೂಕವಲ್ಲ. 20 ಮಣದ ಖಂಡಿ ಬೇರೆ, 20 ಕೊಳಗದ ಖಂಡುಗ ಬೇರೆ.

1956ರ ಕಾಯ್ದೆಯಂತೆ ಮೆಟ್ರಿಕ್ ತೂಕಗಳು 1958ರಿಂದ ಹಂತ ಹಂತವಾಗಿ ಬಂದು, 1962ರ ಏಪ್ರಿಲ್‌ನಿಂದ ಕಡ್ಡಾಯವಾದವು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಇಂದು ಮಣದ ಮೇಲೆ ದರ ಹೇಳುವಂತಿಲ್ಲ. ಆದರೂ ಬಾಯಿಮಾತಿನ ವ್ಯಾಪಾರದಲ್ಲಿ ಯಾರಾದರೂ ಮಣಕ್ಕೆ 500 ರೂಪಾಯಿ ಎಂದರೆ, ಕಿಲೋ ಎಷ್ಟೆಂದು ಮೊದಲೇ ಕೇಳಿಬಿಡಿ. ಹತ್ತು ಕಿಲೋ ಆದರೆ ಕ್ವಿಂಟಾಲಿಗೆ 5,000 ರೂಪಾಯಿ. ಹನ್ನೆರಡಾದರೆ 4,167 ರೂಪಾಯಿ ಮಾತ್ರ.